ಮೊದಲು ನಿಮ್ಮ ಕಿಟಕಿ

"ನಮ್ಮಲ್ಲಿ ಬಿಸಿಲು ಇನ್ನೂ ರಸ್ತೆಗೆ ಇಳಿದಿಲ್ಲ ಕಣಮ್ಮ. ಹೊಂಗೆ ಮರದ ನೆತ್ತಿ ಮೇಲೆ ಕೂತಿದೆ. ಕೆಳಗೆ ಕ್ಷೌರದವನು ಈಗ ತಾನೇ ಕೊಂಬೆಗೆ ಕನ್ನಡಿ ನೇತುಹಾಕಿದ. ಹಾಂ, ಈಗ ಹೇಳಿ, ಏನು ನೋಡಬೇಕು?"

"ಎರಡು ಸೀರೆ ಹಿಡ್ಕೊಂಡಿದೀನಿ ಅಣ್ಣ. ಇದರಲ್ಲಿ ಹಸಿರು ಯಾವುದು?"

"ಎಡಗೈಲಿರೋದು. ಆದರೆ ಸೆರಗಿನ ಹತ್ತಿರ ಇಸ್ತ್ರಿ ಸುಟ್ಟ ಕಲೆ ಇದೆ. ಮದುವೆಗಾ?"

"ಅಯ್ಯೋ, ನಾಮಕರಣಕ್ಕೆ. ನಾದಿನಿ ಮನೇದು."

"ನಾದಿನಿ ಮನೇದು ಅಂದಮೇಲೆ ಕಲೆ ಇರೋದು ಖಂಡಿತ ಬೇಡ. ಬಲಗೈದು ಉಟ್ಕೊಳ್ಳಿ."

ಹೆಂಗಸು ಜೋರಾಗಿ ನಕ್ಕಳು. ಕರೆ ಮುಗಿಯಿತು.

ಈ ಮಾತುಕತೆ ನಡೆದು ನಾಲ್ಕು ತಿಂಗಳಾಗಿತ್ತು. ಧಾರವಾಡದ ಪ್ರಯೋಗಾಲಯದ ಕಿರುಕೋಣೆಯಲ್ಲಿ, ಹಣೆಗೆ ಬೆರಳಗಲದ ಪಟ್ಟಿ ಕಟ್ಟಿಕೊಂಡು ಶಾಲ್ಮಲಾ ಹಂಚಿನಮನಿ ಅದನ್ನು ಮೂರನೆಯ ಸಲ ಕೇಳುತ್ತಿದ್ದಳು. ಸಂಶೋಧನೆಗೆ ಒಂದು ಸಲ ಕೇಳಿದರೆ ಸಾಕಿತ್ತು.

'ಎರವಲು ಕಣ್ಣು' ಎಂಬ ಬಳಗ ಶುರುವಾಗಿ ಆಗಲೇ ಹದಿನೆಂಟು ವರ್ಷ. ದೃಷ್ಟಿಯಿಲ್ಲದವರು ಕನ್ನಡಕದಂಥ ಒಂದು ಸಾಧನ ಹಾಕಿಕೊಂಡು ಗುಂಡಿ ಒತ್ತಿದರೆ, ನಾಡಿನ ಯಾವುದೋ ಮೂಲೆಯಲ್ಲಿ ಪುರುಸೊತ್ತಾಗಿರುವ ಒಬ್ಬ ಸ್ವಯಂಸೇವಕನಿಗೆ ಅವರ ಮುಂದಿನ ನೋಟ ಕಾಣುತ್ತದೆ. ಹಾಲು ಒಡೆದಿದೆಯೇ, ಬಾಗಿಲಲ್ಲಿ ನಿಂತವರು ಯಾರು, ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಆತ ನೋಡಿ ಹೇಳುತ್ತಾನೆ. ಸಂಬಳವಿಲ್ಲ, ಹೆಸರಿಲ್ಲ. ಯಂತ್ರವೇ ಈ ಕೆಲಸವನ್ನೆಲ್ಲ ಮಾಡಬಲ್ಲ ಕಾಲದಲ್ಲೂ ಜನ ಮನುಷ್ಯನನ್ನೇ ಯಾಕೆ ಕರೆಯುತ್ತಾರೆ ಎಂಬುದೇ ಶಾಲ್ಮಲಾಳ ಪ್ರಬಂಧದ ವಿಷಯ.

ಆ ಬಳಗಕ್ಕೆ ಒಂದು ಪದ್ಧತಿಯಿತ್ತು. ಕರೆ ತೆಗೆದುಕೊಂಡವರು ನಮಸ್ಕಾರ ಹೇಳುವುದಿಲ್ಲ. ಮೊದಲು ತಮ್ಮ ಕಿಟಕಿಯಾಚೆ ಆ ಕ್ಷಣ ಕಾಣುವುದನ್ನು ಒಂದೆರಡು ಮಾತಿನಲ್ಲಿ ಹೇಳುತ್ತಾರೆ. ಇನ್ನೊಬ್ಬರ ಮನೆಯೊಳಗೆ ಕಣ್ಣು ಹಾಯಿಸುವವರು ಮೊದಲು ತಮ್ಮದೊಂದಿಷ್ಟು ತೆರೆದು ಕೊಡಬೇಕು ಎಂಬುದು ಅದರ ಹಿಂದಿನ ಮರ್ಯಾದೆ. ಅದರ ಜೊತೆಗೆ ಇನ್ನೊಂದು ಮಾತೂ ಇತ್ತು: ಕಿಟಕಿ ಕೊಟ್ಟವರ ಬಾಗಿಲು ಹುಡುಕಬೇಡ.

ಹನ್ನೆರಡು ವರ್ಷದ ಹಿಂದೆ ಒಬ್ಬರು ಹುಡುಕಿದ್ದರು. ಒಬ್ಬ ವಿದ್ವಾಂಸ ಈ ಬಳಗದ ಮೇಲೆ ಲೇಖನ ಬರೆದ. ಹೆಸರು, ಊರು, ವಯಸ್ಸು ಎಲ್ಲ ಬದಲಿಸಿದ. ಆದರೆ ಒಬ್ಬ ಹೆಂಗಸಿನ ಕಿಟಕಿಯ ಮಾತುಗಳು ಚಂದವಿದ್ದವೆಂದು ಅವನ್ನು ಇದ್ದದ್ದು ಇದ್ದಂತೆಯೇ ಎತ್ತಿ ಬರೆದ. ನೀಲಿ ಮುಚ್ಚಳದ ನೀರಿನ ತೊಟ್ಟಿ, ಗೋಡೆ ಹತ್ತುವ ಮೂರು ಆಡು, ಎರಡು ಗಂಟೆಗೆ ಕೂಗುವ ಗಿರಣಿ. ಆಕೆ ಏಳು ವರ್ಷದ ಹಿಂದೆ ಬಿಟ್ಟುಬಂದಿದ್ದ ಗಂಡ ಆ ಲೇಖನ ಓದಿ ಒಂಬತ್ತೇ ದಿನದಲ್ಲಿ ಆ ತೊಟ್ಟಿಯ ಕೆಳಗೆ ಬಂದು ನಿಂತಿದ್ದ. ಮುಂದಿನದನ್ನು ಪತ್ರಿಕೆಗಳು ಬರೆದವು. ಇಲ್ಲಿ ಬೇಡ.

ಆಮೇಲೆ ಕಾನೂನು ಬಂತು. ಕಾಗದದ ಮೇಲಿನ ಹೆಸರು ಅಳಿಸಿದರೆ ಸಾಲದು, ಸಂಶೋಧಕರ ತಲೆಯೊಳಗಿನದೂ ಅಳಿಯಬೇಕು ಎಂದಿತು ಅದು. ಜನರನ್ನು ಕೇಳುವಾಗ, ಅವರ ಜೊತೆ ಮಾತಾಡುವಾಗ ಸಂಶೋಧಕರು ಹಣೆಪಟ್ಟಿ ಕಟ್ಟಿಕೊಳ್ಳಬೇಕು. ಆಗ ಮಿದುಳಿನಲ್ಲಿ ಎಲ್ಲೆಲ್ಲಿ ದೀಪ ಹತ್ತಿತು ಎಂಬುದನ್ನು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಅಧ್ಯಯನ ಮುಗಿದ ಮೇಲೆ ಯಂತ್ರ ಅದೇ ದನಿಗಳನ್ನು ಮತ್ತೆ ಕೇಳಿಸುತ್ತದೆ. ಎಬ್ಬಿಸಿದ ನೆನಪು ಸ್ವಲ್ಪ ಹೊತ್ತು ಹಸಿಮಣ್ಣಿನಂತೆ ಮೆತ್ತಗಿರುತ್ತದಂತೆ. ಅದು ಮತ್ತೆ ಗಟ್ಟಿಯಾಗುವ ಮೊದಲು ಯಂತ್ರ ಅದನ್ನು ಒರೆಸಿಬಿಡುತ್ತದೆ. ಸರಕಾರಿ ಕಾಗದದಲ್ಲಿ ಅದರ ಹೆಸರು 'ವಿಸ್ಮರಣ ವಿಧಿ'. ಜನರ ಬಾಯಲ್ಲಿ ಎಣ್ಣೆಸ್ನಾನ.

'ನನ್ನ ನೆನಪು ಇರಲಿ' ಎಂದು ಎದುರಿನವರೇ ಒಪ್ಪಿದರೆ? ಒಪ್ಪಿಗೆ ಕೇಳುವಂತೆಯೇ ಇರಲಿಲ್ಲ. ನಮ್ಮ ಜನ ದಾಕ್ಷಿಣ್ಯಕ್ಕೆ ಸಿಕ್ಕಿ ಯಾವುದಕ್ಕೆ ಬೇಕಾದರೂ ಹೂಂ ಅನ್ನುತ್ತಾರೆ ಎಂದು ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಶಾಲ್ಮಲಾ ಕೇಳಿದ ಸ್ವಯಂಸೇವಕರು ಮೂವತ್ತೆರಡು ಮಂದಿ. ಹೊಂಗೆ ಮರದ ಕೆಳಗಿನ ಕ್ಷೌರದವನನ್ನು ದಿನವೂ ನೋಡುತ್ತಿದ್ದವನು ಹತ್ತೊಂಬತ್ತನೆಯವನು.

*

"ನಾ ಮೂವತ್ತೊಂದು ವರ್ಷ ಸವದತ್ತಿ ಗಾಡ್ಯಾಗ ಕಂಡಕ್ಟರಿಕಿ ಮಾಡೇನಿ," ಎಂದಳು ಕಲ್ಲವ್ವ ರೊಟ್ಟಿ ಬಡಿಯುತ್ತ. "ಎಷ್ಟ್ ಮಂದಿ ಮಾರಿ ನೋಡೇನಿ, ಎಷ್ಟ್ ಮಂದಿ ಜಗಳಾ ಬಿಡಿಸೇನಿ. ಒಬ್ಬರೂ ಬಂದು ನನ್ನ ತಲಿ ತೊಳೀಲಿಲ್ಲ."

"ನಿನ್ನ ತಲಿ ಒಳಗ ಹೋದ್ರ ಯಂತ್ರನ ಕೆಟ್ಟ್ ಹೊಕ್ಕೈತಿ, ಚಿಗವ್ವ."

"ಕೆಡಲಿ. ಏನ, ಎಲ್ಲಾನೂ ತೊಳೀತಾರ? ನಾ ನೆನಪಿರ್ತೇನೋ ಇಲ್ಲೋ?"

"ನೀ ಎಲ್ಲಿ ಹೊಕ್ಕಿ. ಆ ಮೂವತ್ತೆರಡು ಮಂದಿ ದನಿ ಅಷ್ಟ."

ಕಲ್ಲವ್ವ ಶಾಲ್ಮಲಾಳ ತಾಯಿಯ ತಂಗಿ. ಗಂಡನಿಲ್ಲ, ಮಕ್ಕಳಿಲ್ಲ. ನಿವೃತ್ತಿಯ ಮಾರನೆಯ ದಿನವೇ ಒಂದು ಟ್ರಂಕು ಹೊತ್ತುಕೊಂಡು ಅಕ್ಕನ ಮಗಳ ಬಾಡಿಗೆ ಮನೆಗೆ ಬಂದವಳು ಆಮೇಲೆ ಹೋಗಲಿಲ್ಲ. ಕಸ ಹೊಡೆಯುವಾಗ, ಪಾತ್ರೆ ತೊಳೆಯುವಾಗ ಸೀರೆಯ ಮೇಲೆ ಇಂದಿಗೂ ಹಳೆಯ ಖಾಕಿ ಅಂಗಿ ತೊಡುತ್ತಿದ್ದಳು. ಮುಂಜಾನೆ ಏಳಕ್ಕೆ ಅದು ಒಗೆದು ತಂತಿಯ ಮೇಲೆ ಬಿದ್ದಿರುತ್ತಿತ್ತು, ಕಿಸೆಯ ಗುಂಡಿ ಹರಿದದ್ದು ಹರಿದ ಹಾಗೆಯೇ.

ಶಾಲ್ಮಲಾ ಊಟದ ಮೇಜಿನ ಮೇಲೆ ಪ್ರಬಂಧದ ಕರಡು ಹರಡಿಕೊಂಡಿದ್ದಳು. 'ಭಾಗಿ ೪ ಹೇಳಿದರು', 'ಭಾಗಿ ೨೭ ನಕ್ಕರು' ಎಂದು ಬರೆದೂ ಬರೆದೂ ಬೇಸರ ಬಂದಿತ್ತು. ಮನುಷ್ಯರನ್ನು ಕೈದಿಗಳ ಹಾಗೆ ಅಂಕಿಯಿಂದ ಕರೆಯುವುದು ಯಾಕೆ? ಎಲ್ಲರಿಗೂ ಒಂದೊಂದು ಮರದ ಹೆಸರಿಡೋಣ ಎನಿಸಿತು. ಅದಕ್ಕೆ ಅಡ್ಡಿಯಿರಲಿಲ್ಲ, ಹೆಸರು ಸಂಶೋಧಕರ ಕಲ್ಪನೆಯದ್ದಾದರೆ ಆಯಿತು. ಅತ್ತಿ, ಆಲ, ಎಂದು ಅಕ್ಷರಮಾಲೆಯ ಪ್ರಕಾರ ಶುರುಮಾಡಿ ಒಂದೇ ಉಸಿರಿನಲ್ಲಿ ಮೂವತ್ತೆರಡೂ ಹೆಸರು ಬರೆದು ಮುಗಿಸಿದಳು. ಮನೆಯಲ್ಲಿ ಕೂತಿದ್ದರಿಂದ ಹಣೆಗೆ ಪಟ್ಟಿ ಇರಲಿಲ್ಲ. ಹತ್ತೊಂಬತ್ತರ ಮುಂದೆ ಕೈ ಬರೆದದ್ದು 'ಹೊಂಗೆ' ಎಂದು. ಆಕೆ ಅದನ್ನು ಗಮನಿಸಲಿಲ್ಲ.

"ಮೂವತ್ತನಾಲ್ಕು ವರ್ಷದಾಕಿ ಆದಿ," ಎಂದಳು ಕಲ್ಲವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತ. "ಮಂದಿ ಕಿಟಕಿ ಲೆಕ್ಕಾ ಹಾಕ್ಕೋತ ಕುಂತಿ. ನಿನ್ನ ಸ್ಟಾಪ್ ಯಾವಾಗ ಬರತೈತಿ?"

"ಸೀಟಿ ಊದಾಕಿ ನೀನು. ನೀನ ಹೇಳ್ಬೇಕು."

ಕಲ್ಲವ್ವ ನಗಲಿಲ್ಲ. ಹುಡುಗಿ ಎರಡು ವರ್ಷದಿಂದ ಊಟ ಮಾಡುತ್ತ ಮಾಡುತ್ತ ತುತ್ತು ಹಿಡಿದು ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ನಿಂತುಬಿಡುವುದನ್ನು ನೋಡಿದ್ದಳು. ಬಸ್ಸಿನಲ್ಲಿ ಅಂಥ ಮುಖಗಳನ್ನು ಕಂಡು ಅವಳಿಗೆ ಗೊತ್ತು. ಇಳಿಯುವ ಊರು ದಾಟಿದರೂ ಅವರು ಏಳುವುದಿಲ್ಲ.

*

ಹತ್ತೊಂಬತ್ತನೆಯವನ ಜೊತೆ ಆರು ಸಂದರ್ಶನ. ಬರೀ ದನಿ. ಅವನೂ ಹೆಸರು ಹೇಳುವಂತಿಲ್ಲ, ಅವಳೂ ಹೇಳುವಂತಿಲ್ಲ. ಪ್ರತಿ ಸಲವೂ ಅವನು ಮೊದಲು ತನ್ನ ಕಿಟಕಿ ಕೊಡುತ್ತಿದ್ದ, ಅವಳು 'ಧನ್ಯವಾದ' ಎಂದು ಪ್ರಶ್ನೆಗೆ ಇಳಿಯುತ್ತಿದ್ದಳು. ಸಂದರ್ಶಕರು ತಮ್ಮ ಬಗ್ಗೆ ಏನೂ ಹೇಳಕೂಡದು ಎಂಬುದು ನಿಯಮ.

ನಾಲ್ಕನೆಯ ಸಂದರ್ಶನದಲ್ಲಿ ಅವನು ಈ ಕೆಲಸಕ್ಕೆ ಬಂದ ಕಾರಣ ಹೇಳಿದ್ದ.

"ನಾನೂ ನಮ್ಮ ಮನೆಯವರೂ ಮಾತಾಡಿ ಆರು ವರ್ಷ ಆಯ್ತು ಮೇಡಂ. ಒಂದೇ ಮನೆ, ಒಂದೇ ಒಲೆ. ತಟ್ಟೆ ಇಡ್ತಾರೆ, ಉಣ್ತೀನಿ. ಕಾರಣ ಏನು ಅಂತ ಮಾತ್ರ ಕೇಳಬೇಡಿ, ಇಬ್ಬರಿಗೂ ಮರೆತುಹೋಗಿದೆ. ಮೌನ ಒಂದೇ ನೆನಪಿರೋದು. ಊರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಅವರು ತಲೆ ಎತ್ತಿ ಓಡಾಡೋದು ಕಷ್ಟ, ಪಾಪ. ಇಲ್ಲಿ ಯಾರೋ ಗುಂಡಿ ಒತ್ತಿ 'ಅಣ್ಣ, ಏನು ಕಾಣ್ತಿದೆ?' ಅಂತಾರಲ್ಲ... ಅಷ್ಟು ಕೇಳಿದ್ರೆ ಸಾಕು ನನಗೆ."

ಆ ದಿನ ಅವಳಿಗೆ ಮುಂದಿನ ಪ್ರಶ್ನೆ ಓದಲು ತುಸು ತಡವಾಗಿತ್ತು.

ಆರನೆಯ ಸಂದರ್ಶನ ಯುಗಾದಿಯ ಮರುವಾರ ನಡೆಯಿತು.

"ಹೊಂಗೆ ಹೂವಾಗಿದೆ ಮೇಡಂ. ರಾತ್ರಿಯೆಲ್ಲ ಉದುರಿ ನೆಲದ ಮೇಲೆ ಪುರಿ ಚೆಲ್ಲಿದ ಹಾಗಿದೆ. ಕ್ಷೌರದವನಿಗೆ ಕೂದಲು ಗುಡಿಸಬೇಕೋ ಹೂವು ಗುಡಿಸಬೇಕೋ ತಿಳೀತಿಲ್ಲ."

ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದು ಅವಳ ಬಾಯಿಂದ ಬಂದುಬಿಟ್ಟಿತು. "ಹೊಂಗಿ ಹೂವಿಗೆ ವಾಸನಿ ಇರತೈತೇನ್ರಿ?"

ಅವನು ತಬ್ಬಿಬ್ಬಾದ. "ಹದಿನೈದು ವರ್ಷದಿಂದ ನೋಡ್ತಿದೀನಿ. ಮೂಸಿ ನೋಡೇ ಇಲ್ವಲ್ಲ! ಮುಂದಿನ ಸಲ ಹೇಳ್ತೀನಿ."

ಅದು ಕೊನೆಯ ಸಂದರ್ಶನವಾಗಿತ್ತು. ಮುಂದಿನ ಸಲ ಎಂಬುದು ಇರಲಿಲ್ಲ.

"ಬರೋ ವಾರ ನಿಮಗೆ ಆ ಸ್ನಾನ ಅಂತೆ," ಎಂದ ಅವನು. "ಕಾಗದದಲ್ಲಿ ಓದಿದ್ದೆ. ಒಳ್ಳೇದೇ ಬಿಡಿ. ಮನೆ ವಿಷಯ ಎಲ್ಲ ಹೇಳ್ಕೊಂಡೆನಲ್ಲ, ಯಾರ ತಲೇಲೂ ಉಳಿಯಲ್ಲ ಅನ್ನೋ ಧೈರ್ಯಕ್ಕೇ ಹೇಳಿದ್ದು. ಆದರೆ ಒಂದು ಮಾತು. ಎರಡು ವರ್ಷ ಆಯ್ತು ಮೇಡಂ. ನಿಮ್ಮ ಕಿಟಕಿ ನೀವು ಕೊಡಲೇ ಇಲ್ಲ."

ಶಾಲ್ಮಲಾ ಕಿರುಕೋಣೆಯ ಗೋಡೆ ನೋಡಿದಳು. ಅದಕ್ಕೆ ಕಿಟಕಿಯೇ ಇರಲಿಲ್ಲ. ಮೂವತ್ತೆರಡು ಮನೆಯೊಳಗೆ ಕಣ್ಣು ಹಾಯಿಸಿಯೂ ತಾನು ಒಂದು ಬೇಲಿ ಗಿಡವನ್ನೂ ಯಾರಿಗೂ ತೋರಿಸಿರಲಿಲ್ಲ. ನಿಯಮ ಅವರನ್ನು ಕಾಯಲು ಇರುವಂಥದ್ದು, ನಿಜ. ಆದರೆ ಈಗ ತಾನು ಹೇಳಿದರೆ ಬಯಲಾಗುವವಳು ತಾನೊಬ್ಬಳೇ ಅಲ್ಲವೇ?

"ಇಲ್ಲಿಂದ ಏನೂ ಕಾಣೂದಿಲ್ರಿ," ಎಂದಳು. "ನಮ್ಮ ಮನಿದು ಹೇಳ್ತೇನಿ. ಮುಂಜಾನೆ ಏಳಕ್ಕ ನೋಡಿದ್ರ ಎದುರಿನ ಮಾಳಗಿ ಮ್ಯಾಲಿನ ನೀರಿನ ಟಾಕಿ ಕಾಣತೈತಿ. ಅದರ ಮುಚ್ಚಳ ಹಾರಬಾರದಂತ ಒಂದು ಒಡಕ ಒಳಕಲ್ಲ ಹೇರ್ಯಾರ. ನಮ್ಮ ತಂತಿ ಮ್ಯಾಲ ಒಂದು ಖಾಕಿ ಅಂಗಿ. ಕಿಸೇದ ಗುಂಡಿ ಹರದೈತಿ. ಗಾಳಿ ಬಂದ್ರ ಅದು ಕೈ ಬೀಸತೈತಿ, ರೈಟ್ ರೈಟ್ ಅಂದಂಗ."

ಅವನು ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡ: ಒಳಕಲ್ಲು, ಖಾಕಿ ಅಂಗಿ, ಹರಿದ ಗುಂಡಿ.

"ನಾನು ಇಟ್ಕೊಂಡಿರ್ತೀನಿ," ಎಂದ ಅವನು. "ನನಗೆ ಯಾರೂ ಸ್ನಾನ ಮಾಡಿಸಲ್ಲವಲ್ಲ."

*

ವಿಸ್ಮರಣ ಕೊಠಡಿಯ ತಂತ್ರಜ್ಞ ದಾದಾಪೀರ್ ಮೆಲುಮಾತಿನ ಮನುಷ್ಯ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಕ್ಷೌರದವನ ಹಾಗೆ "ಬಿಗಿ ಆತೇನ್ರಿ?" ಎಂದು ಎರಡೆರಡು ಸಲ ಕೇಳಿದ.

"ಅಕ್ಕಾರ, ನೋವಿರೂದಿಲ್ಲ. ಒಂದೊಂದು ದನಿ ಕೇಳಸತೈತಿ, ಆಮ್ಯಾಲೆ ಕೇಳಸಂಗಿಲ್ಲ. ಅಷ್ಟ."

"ಎದ್ದ ಮ್ಯಾಲೆ ಏನನಸತೈತಿ?"

"ಒಬ್ಬೊಬ್ರು ಒಂದೊಂದು ಹೇಳ್ತಾರ್ರಿ. ಮನಿ ಕೀಲಿ ಹಾಕೇನೋ ಇಲ್ಲೋ ಅನ್ನೂ ಹಂಗ ಆಗತೈತಂತ."

ದನಿಗಳು ಅಂಕಿಯ ಪ್ರಕಾರ ಬಂದವು. ಹದಿನೆಂಟರ ಹೊತ್ತಿಗೆ ಅವಳು ಕುರ್ಚಿಯ ಕೈ ಹಿಡಿದಿದ್ದಳು. ಆಮೇಲೆ ಆ ದನಿ. "ನಮ್ಮಲ್ಲಿ ಬಿಸಿಲು ಇನ್ನೂ ರಸ್ತೆಗೆ ಇಳಿದಿಲ್ಲ ಕಣಮ್ಮ..." ಅವಳು ಮನಸ್ಸಿನಲ್ಲೇ ಆ ಬಿಸಿಲನ್ನು ಹಿಡಿದುಕೊಳ್ಳಲು ನೋಡಿದಳು. ಹಿಡಿದಷ್ಟೂ ನೆನಪು ಏಳುತ್ತದೆ, ಎದ್ದಷ್ಟೂ ಚೆನ್ನಾಗಿ ಒರೆಸಿಹೋಗುತ್ತದೆ. ಅದು ಗೊತ್ತಿದ್ದೂ ಹಿಡಿದುಕೊಂಡಳು.

ಮಧ್ಯಾಹ್ನ ಮನೆಗೆ ಬಂದು ಎರಡು ತಟ್ಟೆ ಅನ್ನ ಸಾರು ಉಂಡು ಮಲಗಿದಳು. ಎದ್ದಾಗ ಕಲ್ಲವ್ವ ಎದುರಿಗೆ ಕೂತಿದ್ದಳು.

"ನಾ ಯಾರು?"

"ಚಿಗವ್ವ, ಸುಮ್ನಿರ."

"ಹಂಗಾರ ಪಾಡಾತು. ಮತ್ತ ಅಳಾಕತ್ತೀಯಲ್ಲ, ಯಾಕ?"

ಶಾಲ್ಮಲಾ ಕೆನ್ನೆ ಮುಟ್ಟಿ ನೋಡಿಕೊಂಡಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ದಿನಗಳಲ್ಲಿ ಪ್ರಬಂಧ ತಿದ್ದುವ ಕೆಲಸ. ಯಾರೋ ಬೇರೆಯವರು ಬರೆದದ್ದನ್ನು ಓದಿದ ಹಾಗಿತ್ತು. ಅತ್ತಿ, ಬನ್ನಿ, ಬೇವು ಎಂಬವರೆಲ್ಲ ಏನೇನೋ ಹೇಳುತ್ತಿದ್ದರು. ಅವಳು ಕಾಮಾ, ಪೂರ್ಣವಿರಾಮ ಹಾಕುತ್ತ ಹೋದಳು. ಆದರೆ 'ಹೊಂಗೆ' ಎಂದಿದ್ದ ಕಡೆಯೆಲ್ಲ ಬೆರಳು ತಾನಾಗಿ ನಿಲ್ಲುತ್ತಿತ್ತು. 'ಅಷ್ಟು ಕೇಳಿದರೆ ಸಾಕು ನನಗೆ' ಎಂದು ಆ ಹೊಂಗೆ ಹೇಳಿದ್ದ. ದನಿಯಿಲ್ಲ, ಮುಖವಿಲ್ಲ. ಬಾವಿ ಮುಚ್ಚಿದ ಮೇಲೂ ಹಗ್ಗ ಉಳಿದ ಹಾಗೆ ಆ ಹೆಸರೊಂದು ಉಳಿದಿತ್ತು. ಹಣೆಪಟ್ಟಿಯಿಲ್ಲದೆ ಮನೆಯಲ್ಲಿ ಇಟ್ಟ ಹೆಸರು ಅದು. ಯಂತ್ರಕ್ಕೆ ಅದರ ಪತ್ತೆಯಿರಲಿಲ್ಲ.

ಮುಂಜಾನೆ ಕಿಟಕಿಯ ಹತ್ತಿರ ನಿಂತು ಕಂಡದ್ದನ್ನೆಲ್ಲ ಸಣ್ಣ ದನಿಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಅವಳಿಗೆ ಶುರುವಾಯಿತು.

"ಗ್ವಾಡಿ ಜೋಡಿ ಮಾತಾಡೂಕಿಂತ ಆ ಕಣ್ಣಿಲ್ಲದೋರಿಗರ ಹೇಳು," ಎಂದಳು ಕಲ್ಲವ್ವ ನಾಲ್ಕು ದಿನ ನೋಡಿ. "ಅವರ ಮ್ಯಾಲ ಪುಸ್ತಕ ಬರದಿ. ಒಂದಿನರ ಅವರ ಕಣ್ಣಾಗಿ ಕೆಲಸ ಮಾಡಿದೇನು?"

ಅದು ಟಿಕೆಟ್ಟಿಲ್ಲದವನನ್ನು ಹಿಡಿದ ದನಿ. ಶಾಲ್ಮಲಾ ಅಂದೇ ಸ್ವಯಂಸೇವಕಿಯಾಗಲು ಹೆಸರು ಕೊಟ್ಟಳು.

*

ಹೊಸಬರಿಗೆ ಏಳು ದಿನ ಪಾಠ. ಕಲಿಸುವ ಹಳಬರು ಬಳಗದಲ್ಲಿ ಆರೇ ಮಂದಿ. ಅವಳ ಪಾಲಿಗೆ ಬಂದದ್ದು ಮುಂಜಾನೆ ಏಳರ ಹೊತ್ತು, ಒಬ್ಬ ಗಂಡಸಿನ ದನಿ.

"ಮೊದಲು ನಿಮ್ಮ ಕಿಟಕಿ," ಎಂದಿತು ಅದು. "ಹೊಸಬರು ನಾಚ್ಕೊಂಡು ನಮಸ್ಕಾರ ಅಂದ್ಬಿಡ್ತಾರೆ. ಅದು ಬೇಡ. ಏನು ಕಾಣ್ತಿದೆಯೋ ಅದು ಹೇಳಿ."

"ಎದುರು ಮಾಳಗಿ ಮ್ಯಾಲೆ ಒಂದು ನೀರಿನ ಟಾಕಿ ಐತ್ರಿ," ಎಂದಳು ಅವಳು. "ಅದರ ಮ್ಯಾಲೆ ಒಡಕ ಒಳಕಲ್ಲು. ಈ ಕಡೆ ತಂತಿ ಮ್ಯಾಲೆ ನಮ್ಮ ಚಿಗವ್ವನ ಖಾಕಿ ಅಂಗಿ ಹಾಕೇವಿ. ಗಾಳಿಗೆ ಕೈ ಬೀಸಾಕತ್ತೈತಿ."

ಕರೆ ಕಡಿಯಿತೇ ಎಂದು ಅವಳು ಫೋನು ನೋಡಿದಳು. ಕಡಿದಿರಲಿಲ್ಲ. ಆಚೆ ಯಾರೋ ಉಸಿರು ತೆಗೆದುಕೊಂಡದ್ದು ಕೇಳಿಸಿತು.

"ಕೇಳಸಾಕತ್ತೈತೇನ್ರಿ?"

"ಕೇಳಿಸ್ತು," ಎಂದ ಅವನು. ದನಿ ತುಸು ಬೇರೆಯಾಗಿತ್ತು. "ಚಂದ ಇದೆ ನಿಮ್ಮ ಕಿಟಕಿ. ಗುಂಡಿ ಹೊಲಿಸಬೇಡಿ ಅಂಗಿಗೆ."

ಗುಂಡಿಯ ಮಾತು ತಾನು ಹೇಳಿದೆನೇ? ಯೋಚಿಸುವಷ್ಟರಲ್ಲಿ ಅವನು ಮುಂದುವರಿಸಿದ್ದ: "ಈಗ ನನ್ನದು. ನಮ್ಮಲ್ಲಿ ಹೊಂಗೆ ಮರದ ಹೂವೆಲ್ಲ ಮುಗೀತಾ ಬಂತು. ಕೊನೇ ಕೊಂಬೆಯಲ್ಲಿ ಒಂದಿಷ್ಟು ಉಳಿದಿವೆ."

ಶಾಲ್ಮಲಾ ಕಿಟಕಿಯ ಸರಳು ಹಿಡಿದುಕೊಂಡಳು.

ಪಾಠ ಮುಗಿದ ಮೇಲೆ ಅವಳು ಮೇಜಿನ ಮೇಲೆ ಕರಡು ಬಿಚ್ಚಿ ಹೆಸರುಗಳ ಪಟ್ಟಿ ತೆಗೆದಳು. ಅತ್ತಿ, ಆಲ, ಎಂದು ವರ್ಣಮಾಲೆಯ ಸಾಲಿನಲ್ಲಿ ನೆಟ್ಟ ಮರಗಳು. ಹದಿನೇಳು ನೆಲ್ಲಿ. ಹದಿನೆಂಟು ನೇರಳೆ. ಇಪ್ಪತ್ತು ಬನ್ನಿ. ನಡುವೆ ಹತ್ತೊಂಬತ್ತು, ಹೊಂಗೆ. ಎಲ್ಲಕ್ಕಿಂತ ಕಡೆಗೆ ಬರಬೇಕಾದದ್ದು ಸಾಲು ಮುರಿದು ಇಲ್ಲಿ ಬಂದು ನಿಂತಿತ್ತು. ಇದು ಕಲ್ಪಿಸಿದ ಹೆಸರಲ್ಲ. ಅವನ ಕಿಟಕಿಯಿಂದ ಕೈ ತಾನಾಗಿ ಕಿತ್ತುತಂದದ್ದು.

ಮೊದಲು ಬಂದದ್ದು ಹರ್ಷ. ಬೇಡವೆಂದರೂ ಬಂತು, ಅವಳು ಎದ್ದು ಕೋಣೆಯಲ್ಲಿ ಎರಡು ಸುತ್ತು ತಿರುಗಿದಳು. ಸಿಕ್ಕ. ಅಂದಿನ ಆ ಅಳು ಇವನಿಗಾಗಿ. ಆ ಉಸಿರು ತನಗಾಗಿ. ತನ್ನ ಕಿಟಕಿ ಅವನಿಗೆ ಮೊದಲೇ ಗೊತ್ತಿತ್ತು. ಅಂದರೆ ಕೊಟ್ಟವಳು ತಾನೇ ಇರಬೇಕು. ನಾಳೆ ಬೆಳಿಗ್ಗೆ 'ನೀವು ಅವರೇ ಅಲ್ಲೇನ್ರಿ?' ಎಂದು ಒಂದು ಮಾತು ಕೇಳಿದರೆ ಸಾಕು.

ಆಮೇಲೆ ಕೂತು ಹೊಂಗೆಯ ಪುಟಗಳನ್ನು ಮತ್ತೆ ಓದಿದಳು. ಆರು ವರ್ಷ ಮಾತಿಲ್ಲದ ಮನೆ. ಊರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಆಕೆ ತಲೆಯೆತ್ತಿ ಓಡಾಡಲಾರಳು. ಇನ್ನು ಒಂಬತ್ತು ದಿನಕ್ಕೆ ಪ್ರಬಂಧ ಜಾಲದಲ್ಲಿ ಎಲ್ಲರಿಗೂ ಓದಲು ಸಿಗುತ್ತದೆ. ನೂರಾರು ಮಂದಿ ಕರೆಮಾಡಿದವರು ದಿನ ಬೆಳಗಾದರೆ ಕೇಳಿದ್ದು ಇದೇ ಮರವನ್ನು. 'ಹೊಂಗೆ' ಎಂದು ಅಚ್ಚಾದದ್ದನ್ನು ನೋಡಿದರೆ ಅವರಲ್ಲಿ ಯಾರಿಗೆ ತಿಳಿಯದು? ಅವರಲ್ಲೊಬ್ಬರು ಅವನ ಊರಿನವರೇ ಇದ್ದರೆ?

ನೀಲಿ ಮುಚ್ಚಳದ ತೊಟ್ಟಿಯ ಬಗ್ಗೆ ಬರೆದವನೂ ಕೆಟ್ಟವನಾಗಿರಲಿಲ್ಲ.

ಅವಳು ಮೂವತ್ತೆರಡು ಮರಗಳನ್ನೂ ಕಡಿದು ಅಂಕಿಗಳನ್ನು ವಾಪಸು ತಂದಳು. ಒಂದನ್ನೇ ತೆಗೆದರೆ ಆ ಬೊಡ್ಡೆಯೇ ಬೆರಳು ಮಾಡಿ ತೋರಿಸುತ್ತಿತ್ತು. ಕೆಲಸ ಮುಗಿದಾಗ ಕಲ್ಲವ್ವ ಎರಡು ಸಲ ಊಟಕ್ಕೆ ಕರೆದಿದ್ದಳು.

"ಚಿಗವ್ವ, ನಿನಗ ಒಬ್ಬರ ಗುಟ್ಟು ಗೊತ್ತೈತಿ ಅನ್ಕೋ. ಅವರು ಕೊಟ್ಟಿದ್ದಲ್ಲ, ನಿನ್ನ ಕೈಯಾಗ ಉಳದಿದ್ದು. ಆದ್ರ ಅದ ಒಂದು ಉಳದೈತಿ ನಿನಗ."

ಕಲ್ಲವ್ವ ತಟ್ಟೆಯನ್ನು ಅವಳ ಮುಂದೆ ಸರಿಸಿದಳು. "ಗಾಡ್ಯಾಗ ಮಂದಿ ಚೀಲಾ ಮರತ್ ಹೊಕ್ಕಿದ್ರು. ಡಿಪೋಕ್ಕ ಕೊಡ್ತಿದ್ನಿ."

"ಎಲ್ಲಾನೂ?"

"ಒಮ್ಮೆ ಒಂದು ಶಾಲು ಇಟ್ಕೊಂಡಿದ್ನಿ. ಚಲೋ ಇತ್ತು. ಹೊದ್ಕೊಂಡಾಗೆಲ್ಲಾ ಅದರವ್ರು ಬಂದ್ರೇನೋ ಅಂತ ಬಾಗಲಾ ನೋಡ್ತಿದ್ನಿ. ಆಮ್ಯಾಲೆ ಅದನ್ನೂ ಕೊಟ್ಟು ಬಂದ್ನಿ." ಅವಳು ಉಪ್ಪಿನಕಾಯಿ ಹಾಕಿದಳು. "ಉಣ್ಣು. ಆರತೈತಿ."

*

ಎಣ್ಣೆಸ್ನಾನದ ತಿಂಗಳ ತಪಾಸಣೆಯಲ್ಲಿ ಕೇಳುವುದು ಒಂದೇ ಪ್ರಶ್ನೆ.

"ಏನರ ಉಳದೈತೇನ್ರಿ ಅಕ್ಕಾರ?"

ಇಲ್ಲ ಎಂದು ಬರೆದು ಸಹಿ ಮಾಡಿದರೆ ಮುಗಿಯಿತು. ದಾದಾಪೀರ್ ಆಗಲೇ ಪೆನ್ನಿನ ಟೊಪ್ಪಿಗೆ ತೆಗೆದಿದ್ದ.

"ಒಂದು ಹೆಸರು ಉಳದೈತ್ರಿ," ಎಂದಳು ಶಾಲ್ಮಲಾ. "ಮನ್ಯಾಗ ಇಟ್ಟದ್ದು. ಅದರಿಂದ ಒಬ್ಬರನ್ನ ಗುರುತು ಹಿಡದೇನಿ."

ದಾದಾಪೀರ್ ಪೆನ್ನು ಕೆಳಗಿಟ್ಟ. "ತಗದ್ರ ಅದಕ್ಕ ಅಂಟಿಕೊಂಡಿದ್ದೂ ಹೊಕ್ಕೈತ್ರಿ. ಅವರ ಇವರು ಅನ್ನೂದು ಹೊಕ್ಕೈತಿ."

"ಅದ ಹೋಗಬೇಕಾದ್ದು."

ಹಾಗೆ ಹೇಳಿದರೂ ಅವಳು ಕುರ್ಚಿಯಲ್ಲಿ ಕೂರಲಿಲ್ಲ. "ಅವರ ಕಿಟಕ್ಯಾಗ ಒಂದು ಮರ ಐತ್ರಿ. ಅದೂ ಹೊಕ್ಕೈತೇನು?"

"ಮರದ ನೆನಪು ಎಂದಿಂದು?"

"ಮೊನ್ನಿದು. ಅಧ್ಯಯನ ಮುಗದ ಮ್ಯಾಲಿಂದು. ನನ್ನ ಕಿಟಕಿ ಕೊಟ್ಟೆ, ತಮ್ಮದು ಕೊಟ್ರು."

ದಾದಾಪೀರ್ ನಸುನಕ್ಕ. "ಹಂಗಾರ ಅದಕ್ಕ ನಾ ಕೈ ಹಚ್ಚಂಗಿಲ್ರಿ. ಅದು ನಿಮ್ಮ ಸ್ವಂತದ್ದು."

ಅವಳು ಕೂತಳು. ಹೆಲ್ಮೆಟ್ಟು ತಣ್ಣಗಿತ್ತು. ಇನ್ನು ಎರಡು ವರ್ಷದ ಹಳೆಯ ಪರಿಚಯ ಅವನೊಬ್ಬನ ಕಡೆ ಉಳಿಯುತ್ತದೆ. ಅವನು ಹೇಳುವುದಿಲ್ಲ, ಕಿಟಕಿ ಕೊಟ್ಟವರ ಬಾಗಿಲು ತಟ್ಟುವ ಪೈಕಿ ಅಲ್ಲ ಅವನು. ಅವನಾದರೂ ಇಟ್ಟುಕೊಂಡಿರಲಿ.

"ಬಿಗಿ ಆತೇನ್ರಿ?"

"ಇಲ್ರಿ."

"ಹಂಗಾರ ಆ ಹೆಸರು ಒಮ್ಮೆ ಬಾಯಿಬಿಟ್ಟು ಹೇಳ್ರಿ."

ಅವಳು ಹೇಳಿದಳು.

*

ಮರುದಿನ ಮುಂಜಾನೆ ಏಳಕ್ಕೆ ಪಾಠದ ಕರೆ ಬಂತು. ಅವಳು ತನ್ನ ಕಿಟಕಿ ಕೊಟ್ಟಳು: ಒಳಕಲ್ಲಿನ ಮೇಲೆ ಕಾಗೆ, ತಂತಿಯ ಮೇಲೆ ಅಂಗಿ ಇಲ್ಲ, ಚಿಗವ್ವ ತೊಟ್ಟುಕೊಂಡು ಅಂಗಳ ಗುಡಿಸುತ್ತಿದ್ದಾಳೆ.

"ಈಗ ನನ್ನದು," ಎಂದ ಕಲಿಸುವವನು. "ಹೊಂಗೆಯ ಕೊನೇ ಹೂವೂ ಉದುರಿತು. ಕ್ಷೌರದವನು ಎಲ್ಲ ಗುಡಿಸಿ ಬುಡಕ್ಕೆ ಹಾಕಿದ್ದಾನೆ."

ಒಳ್ಳೆಯ ದನಿ, ಎಂದುಕೊಂಡಳು ಶಾಲ್ಮಲಾ. ಮನೆಯ ಕೀಲಿ ಹಾಕಿದೆನೋ ಇಲ್ಲವೋ ಎಂಬಂಥ ಒಂದು ಭಾವ ಬಂದು ಹೋಯಿತು. ಯಾಕೋ ಕೇಳಬೇಕೆನಿಸಿ ಕೇಳಿದಳು:

"ಹೊಂಗಿ ಹೂವಿಗೆ ವಾಸನಿ ಇರತೈತೇನ್ರಿ?"

ಆಚೆ ದೂರದಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು.

"ಹಿಂದೆ ಒಬ್ಬರು ಇದನ್ನೇ ಕೇಳಿದ್ದರು," ಎಂದ ಅವನು. "ಆಗ ನನಗೆ ಗೊತ್ತಿರಲಿಲ್ಲ. ಕೆಳಗಿಳಿದು ಹೋಗಿ ಬೊಗಸೆ ತುಂಬ ಹಿಡಿದು ನೋಡಿದೆ. ಹೇಳೋಣ ಅನ್ನೋ ಹೊತ್ತಿಗೆ ಅವರಿರಲಿಲ್ಲ."

"ಅಯ್ಯ, ಹಂಗಾದ್ರ ನನಗರ ಹೇಳ್ರಿ."

"ಹೇಳ್ತೀನಿ," ಎಂದ ಅವನು. "ಇದೆ. ತುಂಬಾ ಸಣ್ಣದು. ಹಿಡಿದಿರೋವಾಗ ಬರಲ್ಲ. ಚೆಲ್ಲಿ ಬಂದಮೇಲೆ ಅಂಗೈಲಿ ಉಳಿದಿರುತ್ತೆ."